ಬ್ರೆಡ್ಡಿನ ಬೆಲೆ ಎಷ್ಟೆಂದು ಬರೆಯಿರಿ

ಪುಮುಲಾ, ಬುಲವಾಯೊ
10 ಫೆಬ್ರವರಿ 2008

ಮಂದಿಸಾಳ ಅಪ್ಪನಿಗೆ,

ಮೆಲುಸಿ ಗಡಿ ದಾಟಿ ಶುಕ್ರವಾರ ಬಂದ. ನೀವು ಕಳಿಸಿದ ಜೋಳದ ಹಿಟ್ಟು, ಎಣ್ಣೆ, ಸಕ್ಕರೆ, ಸೋಪು ಎಲ್ಲವೂ ಮುಟ್ಟಿತು. ಅವನ ಗಾಡಿ ನಮ್ಮ ಬೀದಿಗೆ ತಿರುಗಿದ್ದೇ ತಡ, ಅಕ್ಕಪಕ್ಕದವರೆಲ್ಲ ಬೇಲಿಯ ಮೇಲೆ ಬಗ್ಗಿದರು. ಜೋಹಾನ್ಸ್‌ಬರ್ಗಿನಲ್ಲಿ ಗಂಡನಿರುವ ಹೆಂಗಸೆಂದರೆ ಈಗ ಈ ಊರಿಗೆ ರಾಣಿ. ನಾನೂ ತಲೆಗೆ ಒಳ್ಳೆಯ ಬಟ್ಟೆ ಸುತ್ತಿಕೊಂಡೇ ಹೊರಗೆ ಬಂದೆ, ಸುಳ್ಳು ಯಾಕೆ ಹೇಳಲಿ.

ಮಂದಿಸಾ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಅತ್ತೆಯವರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಮುಚ್ಚಿಟ್ಟಿದ್ದೇನೆ. ಶಾಲೆ ನಡೆಯುತ್ತಿದೆ. ನಾಲ್ಕನೇ ತರಗತಿಗೆ ಸೊನ್ನೆ ಕಲಿಸುವ ಕಷ್ಟ ನನಗಿಲ್ಲ. ಪೇಟೆಯಲ್ಲಿ ಬೆಲೆಯ ಸೊನ್ನೆಗಳನ್ನು ನೋಡಿಬರುವ ಮಕ್ಕಳು ನನಗೇ ಕಲಿಸುತ್ತಾರೆ. ಇಲ್ಲಿ ಸಾಲಿನ ಕೊನೆಯಲ್ಲಿ ನಿಂತಾಗ ಬ್ರೆಡ್ಡಿಗೆ ಒಂದು ಬೆಲೆ, ಅಂಗಡಿಯ ಬಾಗಿಲು ಮುಟ್ಟುವಷ್ಟರಲ್ಲಿ ಇನ್ನೊಂದು. ಹೋದ ವಾರ ನನ್ನ ಮುಂದಿದ್ದ ಮುದುಕ ಅಂಗಡಿಯವನಿಗೆ, "ಏನಪ್ಪಾ, ನಾನು ಒಂದ್ಸಲ ಕೆಮ್ಮೋಷ್ಟ್ರಲ್ಲಿ ಏರಿಸ್ಬಿಟ್ಯಾ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಯಾರೂ ಏನೂ ಕೊಳ್ಳದೆ ಮನೆಗೆ ಹೋದೆವು.

ಅದಕ್ಕೇ ಒಂದು ಮಾತು. ನಾನೂ ಅಲ್ಲಿಗೆ ಬಂದುಬಿಟ್ಟರೆ ಹೇಗೆ? ಮಂದಿಸಾಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಟೀಚರ್ ಆಗಿದ್ದವಳು ಇನ್ನೊಬ್ಬರ ಮನೆಯ ನೆಲ ಒರೆಸಬೇಕೇ ಎಂದು ನೀವು ಮುಖ ಸಿಂಡರಿಸುತ್ತೀರಿ, ಗೊತ್ತು. ಒರೆಸುತ್ತೇನೆ. ಇಬ್ಬರೂ ದುಡಿದರೆ ವರ್ಷದಲ್ಲಿ ಮನೆಗೆ ಮರಳಬಹುದು. ಫೋನು ಹತ್ತುವುದಿಲ್ಲ, ಹತ್ತಿದಾಗ ಕರೆಂಟಿಲ್ಲದೆ ನನ್ನದು ಸತ್ತಿರುತ್ತದೆ. ಆದ್ದರಿಂದ ಕಾಗದದಲ್ಲೇ ಬರೆಯಿರಿ: ಅಲ್ಲಿ ಬ್ರೆಡ್ಡಿಗೆಷ್ಟು, ಹಿಟ್ಟಿಗೆಷ್ಟು, ನಿಮ್ಮ ಕೋಣೆಗೆಷ್ಟು ಬಾಡಿಗೆ, ಕೆಲಸಕ್ಕೆ ಹೋಗುವ ವ್ಯಾನಿಗೆಷ್ಟು. ಇಲ್ಲಿಯದರ ಪಕ್ಕ ಇಟ್ಟು ನೋಡುತ್ತೇನೆ.

ಮೆಲುಸಿಯ ಕೈಯಲ್ಲಿ ಮೊಪಾನೆ ಹುಳು ಕಳಿಸಿದ್ದೇನೆ, ಉಪ್ಪು ಹಾಕಿ ಒಣಗಿಸಿದ್ದು. ಟೊಮೆಟೊ ಜೊತೆ ಹುರಿದು ಮುದ್ದೆಗೆ ನಂಚಿಕೊಳ್ಳಿ. ಈ ಬಡವಿ ನಿಮಗೆ ಕಳಿಸಬಹುದಾದದ್ದು ಅದೊಂದೇ.

ನಿಮ್ಮ ಮಾಮೊಯೊ


ಜೋಹಾನ್ಸ್‌ಬರ್ಗ್
24 ಫೆಬ್ರವರಿ 2008

ನನ್ನ ಮಾಮೊಯೊಗೆ,

ನಿನ್ನ ಕಾಗದವನ್ನು ಇಡೀ ವಾರ ಜೇಬಿನಲ್ಲಿಟ್ಟುಕೊಂಡು ಓದಿದೆ. ಬಣ್ಣ ಮೆತ್ತಿಕೊಂಡು ಅರ್ಧ ಅಕ್ಷರ ಹೋಗಿವೆ. ಮೇಸ್ತ್ರಿ ದೊಡ್ಡ ಕಟ್ಟಡವೊಂದರ ಬಣ್ಣದ ಕೆಲಸ ಹಿಡಿದಿದ್ದಾನೆ, ನನಗೇನೂ ತೊಂದರೆ ಇಲ್ಲ.

ಬೆಲೆ ಕೇಳಿದ್ದೀಯ. ಕೇಳದಿದ್ದರೇ ಚೆನ್ನಾಗಿತ್ತು. ಬ್ರೆಡ್ ಇಪ್ಪತ್ತು ರಾಂಡ್. ನಾನಿರುವ ತಗಡಿನ ಕೋಣೆಗೆ ಏಳುನೂರು, ಅದೂ ಮೊಕೊಯೆನಾ ಎಂಬ ಒಳ್ಳೆಯ ಮನೆಯೊಡತಿ ಸಿಕ್ಕಿದ್ದಕ್ಕೆ. ವ್ಯಾನಿಗೆ ಹೋಗಲು ಮೂವತ್ತು, ಬರಲು ಮೂವತ್ತು. ನಿನಗೆ ಕಳಿಸುವ ಸಾಮಾನು ಮೇಸ್ತ್ರಿಯ ದಯೆಯಿಂದ ಸಗಟು ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಅದೂ ಇಲ್ಲ. ನೀನು ಬಂದರೆ ನಿನ್ನ ದುಡಿಮೆ ವ್ಯಾನಿನವನ ಹೊಟ್ಟೆಗೇ ಹೋಗುತ್ತದೆ. ಇದು ನಮ್ಮಂಥವರ ಊರಲ್ಲ. ಆ ಯೋಚನೆಯನ್ನು ಅಲ್ಲಿಗೇ ಬಿಡು.

ಇನ್ನೊಂದು ವಿಷಯ. ಮೆಲುಸಿಯ ಕೈಯಲ್ಲಿ ಕೊಡುವ ಚೀಟಿಯ ಮೇಲೆ ವೂಸಿ ಎಂದು ಬರೆ. ಇಲ್ಲಿ ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಾರೆ. ಹುಳು ಇನ್ನು ಕಳಿಸಬೇಡ. ಚೆನ್ನಾಗಿಲ್ಲವೆಂದಲ್ಲ. ಇಲ್ಲಿಯವರಿಗೆ ಅದರ ವಾಸನೆ ಹಿಡಿಸುವುದಿಲ್ಲ.

ಮಂದಿಸಾಳ ಬಿದ್ದ ಹಲ್ಲು ಎಸೆಯಬೇಡ, ಇಟ್ಟಿರು.

ನಿನ್ನವನು,
ಬುಸಾನಿ


ಪುಮುಲಾ, ಬುಲವಾಯೊ
16 ಮಾರ್ಚ್ 2008

ಮಂದಿಸಾಳ ಅಪ್ಪನಿಗೆ,

ಅಥವಾ ವೂಸಿ ಎನ್ನಬೇಕೋ? ಎಷ್ಟು ಮುದ್ದಾದ ಹೆಸರು. ಯಾರು ಇಟ್ಟದ್ದು?

ತಮಾಷೆ ಮಾಡಿದೆ. ಆದರೆ ಕಾಗದ ಓದಿ ಮಡಿಸಿಟ್ಟ ಮೇಲೂ ಆ ಹೆಸರು ನನ್ನ ತಲೆಯಲ್ಲೇ ಸುತ್ತುತ್ತಿದೆ. ಮದುವೆಯಾದಾಗಿನಿಂದ ಒಲೆಯ ಮುಂದೆ ತಟ್ಟೆ ಹಿಡಿದು ನಿಂತು ಹುಳು ಹುರಿಯುವುದನ್ನೇ ಕಾಯುತ್ತಿದ್ದವರು ನೀವು. ಈಗ ಇಲ್ಲಿಯವರಿಗೆ ವಾಸನೆ ಹಿಡಿಸುವುದಿಲ್ಲ ಎನ್ನುತ್ತೀರಿ. ಇಲ್ಲಿಯವರು ಎಂದರೆ ಯಾರು? ನಿಮ್ಮ ಕೋಣೆಯಲ್ಲಿ ನೀವು ಹುರಿದದ್ದು ಯಾರ ಮೂಗಿಗೆ ಬಡಿಯುತ್ತದೆ? ಆ ಮೊಕೊಯೆನಾ ಎಂಬ ಒಳ್ಳೆಯ ಮನೆಯೊಡತಿಗೆ ವಯಸ್ಸೆಷ್ಟು?

ಎದುರು ಮನೆಯ ನಕಜೋಲಾಳ ಗಂಡನೂ ಮೊದಲು ಹೀಗೇ ಬರೆಯುತ್ತಿದ್ದ. ಊರು ದುಬಾರಿ, ಬಾಡಿಗೆ ದುಬಾರಿ, ಉಸಿರೂ ದುಬಾರಿ ಎಂದು. ಆಮೇಲೆ ಸಾಮಾನು ಕಡಿಮೆಯಾಯಿತು, ಆಮೇಲೆ ಕಾಗದ ನಿಂತಿತು. ಅವನಿಗೆ ಅಲ್ಲಿ ಇನ್ನೊಂದು ಸಂಸಾರವಿದೆ, ಎರಡು ಮಕ್ಕಳಿದ್ದಾರೆ ಎಂದು ಸೋದರಮಾವ ಬಂದು ಹೇಳಿದ. ನಕಜೋಲಾ ಅಂಗಳ ಗುಡಿಸುತ್ತಿದ್ದಳು. ಸುದ್ದಿ ಕೇಳಿದ ಮೇಲೂ ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ. ನನಗೆ ಅದೇ ಕಣ್ಣಿಗೆ ಕಟ್ಟಿದೆ. ನನಗೆ ಹೆದರಿಕೆಯಾಗಿದೆ, ಗಟ್ಷೇನಿ. ನಿಮ್ಮ ಕುಲದ ಹೆಸರು ಹಿಡಿದು ಕೇಳುತ್ತಿದ್ದೇನೆ, ಹಾಗೇನೂ ಇಲ್ಲವೆಂದು ಒಂದು ಸಾಲು ಬರೆಯಿರಿ.

ನಾವು ಚೆನ್ನಾಗಿಯೇ ಇದ್ದೇವೆ. ನನ್ನ ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗುತ್ತದೆ.

ಹುಳು ಮತ್ತೆ ಕಳಿಸಿದ್ದೇನೆ. ಯಾರಿಗೆ ವಾಸನೆ ಹಿಡಿಸುವುದಿಲ್ಲವೋ ಅವರು ಮೂಗು ಮುಚ್ಚಿಕೊಳ್ಳಲಿ.

ಮಾಮೊಯೊ


ಜೋಹಾನ್ಸ್‌ಬರ್ಗ್
6 ಏಪ್ರಿಲ್ 2008

ಮಾಮೊಯೊ,

ಹಾಗೇನೂ ಇಲ್ಲ. ಅಮ್ಮನ ಆಣೆ.

ಈ ಸಲ ಎಣ್ಣೆ ಮತ್ತು ಸೋಪು ಮಾತ್ರ. ಮೇಸ್ತ್ರಿ ಕೂಲಿ ತಡ ಮಾಡಿದ್ದಾನೆ. ಇಲ್ಲಿ ಬೆಲೆಗಳು ಇನ್ನೂ ಏರಿವೆ, ಬ್ರೆಡ್ ಇಪ್ಪತ್ತೆರಡಾಗಿದೆ. ಬರುವ ಮಾತು ಮತ್ತೆ ಎತ್ತಬೇಡ.

ಇನ್ನು ಮುಂದೆ ಮೆಲುಸಿ ನನ್ನ ಕೋಣೆಯವರೆಗೆ ಬರುವುದು ಬೇಡವೆಂದು ಅವನಿಗೆ ಹೇಳಿದ್ದೇನೆ. ಹೆದ್ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ನಾನೇ ಹೋಗಿ ಸಿಗುತ್ತೇನೆ. ನಮ್ಮ ದೇಶದ ನಂಬರಿನ ಗಾಡಿ ಕೇರಿಯೊಳಗೆ ಬಂದರೆ ಜನ ನೋಡುತ್ತಾರೆ.

ಭಾನುವಾರ ನಲ್ಲಿಯ ಹತ್ತಿರದ ಬಯಲಿನಲ್ಲಿ ಕೇರಿಯವರ ಸಭೆ ಇತ್ತು. ನೀರಿನ ವಿಷಯವಿರಬೇಕೆಂದು ಹೋಗಿದ್ದೆ. ಬೇರೆ ಏನೋ ಇತ್ತು. ಇನ್ನೊಮ್ಮೆ ಬರೆಯುತ್ತೇನೆ.

ಮಂದಿಸಾಳಿಗೆ ಮುತ್ತು.

ಬುಸಾನಿ


ಪುಮುಲಾ, ಬುಲವಾಯೊ
27 ಏಪ್ರಿಲ್ 2008

ಬುಸಾನಿ ನ್‌ಡ್ಲೋವು ಎಂಬವನಿಗೆ,

ಇವತ್ತು ನೀವು ಗೀವು ಏನೂ ಇಲ್ಲ. ಸುಳ್ಳುಗಾರನಿಗೆ ಬಹುವಚನ ಯಾಕೆ?

ಮೆಲುಸಿ ನಮ್ಮ ಜಗಲಿಯಲ್ಲಿ ಕೂತು, ತಾನು ದಾರಿಗೆಂದು ತಂದ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಮಂದಿಸಾಳಿಗೂ ಎರಡು ತುಂಡು ಕೊಟ್ಟ. ನಾನು ಸುಮ್ಮನೆ ಕೇಳಿದೆ.

"ಅಷ್ಟು ದುಬಾರಿ ಬ್ರೆಡ್ಡು ಮಗೂಗ್ಯಾಕೆ ಕೊಡ್ತೀಯೋ?"

"ಏನ್ ದುಬಾರಿ ಟೀಚರಕ್ಕಾ, ಏಳು ರಾಂಡು."

"ಇಪ್ಪತ್ತೆರಡಲ್ವಾ?"

"ಇಪ್ಪತ್ತೆರಡಾ! ಯಾಕೆ, ಚಿನ್ನ ಹಾಕಿ ಸುಡ್ತಾರಾ?"

ಹಾಗೆಂದು ನಕ್ಕವನು ನನ್ನ ಮುಖ ನೋಡಿದ. ಅವನ ನಗು ಅಲ್ಲೇ ನಿಂತಿತು.

"ಅಣ್ಣ ಹಾಗಂತ ಬರ್ದಿದ್ರಾ ಅಕ್ಕಾ?"

"ಅಲ್ಲಿ ಅವರ ಜೊತೆ ಯಾರಿದಾರೆ, ಮೆಲುಸಿ?"

"ನನ್ನ ಬಾಯಿ ಬಿಡಿಸ್ಬೇಡಿ. ಅಣ್ಣ ಆಣೆ ಹಾಕಿಸ್ಕೊಂಡಿದಾರೆ. ಅವರನ್ನೇ ಕೇಳಿ."

ಅರ್ಧ ಚಹಾ ಬಿಟ್ಟು ಎದ್ದು ಹೋದ. ಅವನೇನೂ ಹೇಳಲಿಲ್ಲ, ಆದರೆ ಹೇಳುವುದೇನು ಉಳಿದಿದೆ? ಏಳು ರಾಂಡ್! ಉಳಿದ ಹದಿನೈದು ರಾಂಡಿನ ಬ್ರೆಡ್ ಯಾರು ತಿನ್ನುತ್ತಿದ್ದಾಳೆ, ಬುಸಾನಿ? ಏಳುನೂರರ ಕೋಣೆಯಲ್ಲಿ ಯಾರ ಪರದೆ ತೂಗುತ್ತಿದೆ? ನನ್ನ ಕಿವಿಗೆ ಹೂವಿಟ್ಟೆ, ಇಟ್ಟುಕೊಂಡೆ. ನಿನ್ನ ತಾಯಿಯ ಮೇಲೆ ಯಾಕೆ ಆಣೆ ಇಟ್ಟೆ? ಅವರು ಈಗ ಹೊಸ್ತಿಲಲ್ಲಿ ಕೂತು ನಿನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದಾರೆ.

ಮೆಲುಸಿ ಮುಂದಿನ ಸಲ ಬರುವಾಗ ನಿಜವನ್ನು ಬರೆದು ಕಳಿಸು. ಕಳಿಸದಿದ್ದರೆ ನಾನೇ ಹೊರಟು ಬಂದು ಕಣ್ಣಾರೆ ನೋಡುತ್ತೇನೆ. ನಕಜೋಲಾಳ ಹಾಗೆ ಅಂಗಳ ಗುಡಿಸುತ್ತಾ ಇರುವವಳಲ್ಲ ನಾನು. ಮಾಮೊಯೊ ಎಂದು ನನ್ನ ತವರಿನ ಕುಲದ ಹೆಸರು ಹಿಡಿದು ಇನ್ನು ಕರೆಯಬೇಡ, ಅಪ್ಪ ಇಟ್ಟ ಹೆಸರೇ ಸಾಕು.

ನೊಮಗುಗು


ಜೋಹಾನ್ಸ್‌ಬರ್ಗ್
14 ಮೇ 2008

ಮಾಮೊಯೊ, ನನ್ನ ಮಾಮೊಯೊ,

ಬ್ರೆಡ್ ಏಳು ರಾಂಡ್. ಕೋಣೆಗೆ ಇನ್ನೂರೈವತ್ತು. ಇಲ್ಲಿ ಯಾವ ಹೆಂಗಸೂ ಇಲ್ಲ. ಇರುವುದು ಹೆದರಿಕೆ.

ಹೆದರಿಕೆ ಎಂದು ಬರೆದಿದ್ದರೆ ನೀನು ಮಾರನೆಯ ದಿನವೇ ನನ್ನನ್ನು ಕರೆದೊಯ್ಯಲು ಓಡಿಬರುತ್ತಿದ್ದೆ. ನಿನ್ನನ್ನು ನಾನು ಬಲ್ಲೆ. ದುಬಾರಿ ಎಂದು ಬರೆದರೆ ಮನೆಯಲ್ಲೇ ಇರುತ್ತೀಯ ಎಂದುಕೊಂಡೆ. ಹೆದರಿಕೆ ಹೆಚ್ಚಾದಂತೆ ಬೆಲೆಯನ್ನೂ ಏರಿಸುತ್ತಾ ಹೋದೆ. ಅದು ನಿನಗೆ ಹೀಗೆ ಚುಚ್ಚುತ್ತದೆಂದು ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ.

ಫೆಬ್ರವರಿಯಲ್ಲಿ ನೀನು ಕಳಿಸಿದ ಹುಳುವನ್ನು ಒಂದು ಶನಿವಾರ ಹುರಿದೆ. ಪಕ್ಕದ ಕೋಣೆಯವನು ಬಾಗಿಲಲ್ಲಿ ಬಂದು ನಿಂತು, "ಏನ್ ಗುರೂ, ಇದು ನಮ್ಮ ಕಡೆ ಅಡಿಗೆ ಅಲ್ವಲ್ಲ. ಯಾವೂರು ನಿಂದು?" ಎಂದ. ನಗುತ್ತಲೇ ಕೇಳಿದ. ನಾನೂ ನಗುತ್ತಾ ಯಾವುದೋ ಊರು ಹೇಳಿದೆ. ಅವತ್ತಿನಿಂದ ವೂಸಿ ಆದೆ. ನಮ್ಮ ಮಾತೂ ಇಲ್ಲಿಯ ಜುಲು ಮಾತೂ ಹತ್ತಿರವಾದ್ದರಿಂದ ಹೇಗೋ ನಡೆಯುತ್ತದೆ, ಬಾಯಿ ತಪ್ಪುವವರೆಗೆ.

ಆ ಸಭೆಯಲ್ಲಿ ಒಬ್ಬ ಧ್ವನಿವರ್ಧಕ ಹಿಡಿದು, ಹೊರಗಿನವರು ಕೆಲಸ ಕಿತ್ತುಕೊಂಡರು, ಮನೆ ಕಿತ್ತುಕೊಂಡರು, ಜೂನ್ ಬರುವಷ್ಟರಲ್ಲಿ ಕೇರಿ ಖಾಲಿಯಾಗಬೇಕು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದಿದ್ದವರ ಕಡೆ ಜನ ತಿರುಗಿ ನೋಡುತ್ತಿದ್ದರು. ನಾನೂ ತಟ್ಟಿದೆ.

ಮೇಸ್ತ್ರಿ ಮಾರ್ಚಿನಲ್ಲೇ ನನ್ನನ್ನು ಕೆಲಸದಿಂದ ಬಿಡಿಸಿದ. ರಸ್ತೆ ಬದಿಯಲ್ಲಿ ಕೂಲಿಗೆ ನಿಲ್ಲಲು ಭಯ, ಅಲ್ಲಿ ನಿಂತವರನ್ನು ಗುರುತಿಟ್ಟುಕೊಳ್ಳುತ್ತಾರೆ. ನಮ್ಮ ಸಾಲಿನಲ್ಲಿ ಅರ್ಮಾಂಡೊ ಎಂಬ ಮೊಜಾಂಬಿಕಿನವನಿದ್ದ, ಗೇಟುಗಳನ್ನು ಬೆಸೆಯುವವನು. ನಿನ್ನೆ ಹಾಡಹಗಲೇ ಅವನನ್ನು ಹೊಡೆದು ಓಡಿಸಿದರು. ಅವನ ಕುರ್ಚಿಯನ್ನು ಹೊತ್ತುಕೊಂಡು ಹೋದವಳು ಯಾರು ಗೊತ್ತೇ? ಹೋದ ತಿಂಗಳು ಅವನ ಕೈಲೇ ಗೇಟು ಮಾಡಿಸಿಕೊಂಡವಳು. ನನ್ನನ್ನು ನೋಡಿ, "ಊಟ ಆಯ್ತಾ ವೂಸಿ?" ಎಂದು ಕೇಳಿಕೊಂಡೇ ಹೋದಳು. ಆಯ್ತು ಎಂದೆ.

ಹೊಡೆದು ಓಡಿಸುವ ಗುಂಪಿನವರು ಸಿಳ್ಳೆ ಹಾಕಿಕೊಂಡು ಬರುತ್ತಾರೆ. ಈಗ ಎಲ್ಲಿ ಸಿಳ್ಳೆ ಕೇಳಿದರೂ ದೀಪ ಆರಿಸಿಬಿಡುತ್ತೇನೆ.

ಕೈಮುಗಿಯುತ್ತೇನೆ, ಬರಬೇಡ. ಒಂದಿಷ್ಟು ದುಡ್ಡು ಹೊಂದಿಸಿಕೊಂಡು ನಾನೇ ಬರುತ್ತೇನೆ. ಮೆಲುಸಿಯ ಗಾಡಿ ಕೆಟ್ಟು ನಿಂತು ಹತ್ತು ದಿನವಾಗಿದೆ, ಅದಕ್ಕೇ ಉತ್ತರ ತಡವಾಯಿತು. ಇಂದು ಈ ಕಾಗದ ಅವನ ಕೈಗೆ ಕೊಡುತ್ತಿದ್ದೇನೆ.

ನೀನು ಎಂದು ಕರೆದು ಬೈದಿದ್ದೀಯ. ಅದೇ ಚೆನ್ನಾಗಿದೆ. ಹಾಗೇ ಬೈ.

ಬುಸಾನಿ


ಪುಮುಲಾ, ಬುಲವಾಯೊ
20 ಮೇ 2008

ಮಾಮೊಯೊಗೆ, ಮೊಕೊಯೆನಾ ಅಜ್ಜಿಯ ಮನೆಯ ವಿಳಾಸಕ್ಕೆ,

ಈ ಕಾಗದ ಬರೆಯುತ್ತಿರುವುದು ನಮ್ಮ ಮನೆಯಿಂದ, ನಿನ್ನ ಮೇಜಿನಿಂದ, ನಿನ್ನ ಪೆನ್ನಿನಿಂದ. ನೀನು ಎಲ್ಲಿದ್ದೀಯ?

ಭಾನುವಾರ ನಮ್ಮ ಸಾಲಿಗೂ ಬಂದರು. ಚರ್ಚಿನಿಂದ ಜನ ಮರಳುವ ಹೊತ್ತು. ಅಜ್ಜಿ ನನ್ನನ್ನು ಹಿಂದಿನ ಬೇಲಿಯಿಂದ ದಾಟಿಸಿ, ಮುಂದಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ನಾನು ಓಡಿ ಹೆದ್ದಾರಿಯ ಬಂಕು ಸೇರಿದೆ. ದೇವರ ದಯೆ, ಮೆಲುಸಿಯ ಗಾಡಿ ಅವತ್ತೇ ರಿಪೇರಿಯಾಗಿ ಹೊರಡುವುದರಲ್ಲಿತ್ತು. ಹಿಟ್ಟಿನ ಚೀಲಗಳ ನಡುವೆ ಮಲಗಿ ಬಂದೆ. ನಿನ್ನೆ ಸಂಜೆ ಗೇಟು ತೆರೆದಾಗ ಮಂದಿಸಾ ಓಡಿಬಂದವಳು, ನನ್ನ ಹಿಂದೆ ಇಣುಕಿ ನೋಡಿ, "ಅಮ್ಮ ಎಲ್ಲಿ? ಅಮ್ಮ ನಿನ್ನನ್ನ ಕರ್ಕೊಂಡ್ ಬರಕ್ಕೆ ಹೋಗಿದಾಳಲ್ಲ" ಎಂದಳು.

ಮೆಲುಸಿ ಜೇಬಿನಿಂದ ನನ್ನ ಕಾಗದ ತೆಗೆದು ನನ್ನ ಕೈಗೇ ಕೊಟ್ಟ. ಬರಬೇಡ ಎಂದು ನಾನು ಬರೆದ ಕಾಗದವೂ ನಾನೂ ಒಂದೇ ಗಾಡಿಯಲ್ಲಿ ಬಂದಿದ್ದೆವು, ನೀನು ಹೊರಟ ಮೇಲೆ. ಗಡಿಯ ಸೇತುವೆಯ ಮೇಲೆ ಎದುರಿಗೆ ಎಷ್ಟೋ ಗಾಡಿಗಳು ಬಂದವು. ಒಂದರಲ್ಲಿ ನೀನಿದ್ದೆ.

ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ಬರೀ ಅದರ ಗುರುತಿದೆ. ಅದು ಜನವರಿಯಲ್ಲೇ ಹಿಟ್ಟಿಗೆ ಹೋಯಿತಂತೆ. ಶಾಲೆಯನ್ನೂ ನೀನು ಮಾರ್ಚಿನಲ್ಲೇ ಬಿಟ್ಟೆಯಂತೆ, ಸಂಬಳ ಬಸ್ಸಿಗೂ ಸಾಲದೆಂದು. ಅಮ್ಮ ಅಳುತ್ತಾ ಹೇಳಿದರು: "ದಿನಾ ಬೆಳಿಗ್ಗೆ ಟೀಚರ್ ಬಟ್ಟೆ ಹಾಕ್ಕೊಂಡು ಹೊರಗೆ ಹೋಗೋಳು ಕಣಪ್ಪಾ. ಶಾಲೇಲಿ ಉಂಡೆ ಅಂತ ಬಂದು ನೀರು ಕುಡಿದು ಮಲಗೋಳು."

ನೀನೂ ನನಗೆ ಸುಳ್ಳು ಲೆಕ್ಕವನ್ನೇ ಬರೆದೆ. ಇಬ್ಬರೂ ಸೇರಿ ಏನು ಮಾಡಿಕೊಂಡೆವು ನೋಡು.

ಎರಡು ಕಾಗದಗಳನ್ನೂ ಮೆಲುಸಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನಿರುವುದು ಗೊತ್ತಾಗುವವರೆಗೆ ಅವನು ಮರಳಿ ಬರುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ.

ಬುಸಾನಿ


ಜೋಹಾನ್ಸ್‌ಬರ್ಗ್
25 ಮೇ 2008

ಗಟ್ಷೇನಿ,

ಬದುಕಿದ್ದೇನೆ. ಮೊದಲು ಅದನ್ನು ಅತ್ತೆಗೂ ಮಂದಿಸಾಳಿಗೂ ಹೇಳಿ, ಆಮೇಲೆ ಮುಂದೆ ಓದಿ.

ನಿಮ್ಮ ಎರಡು ಕಾಗದಗಳೂ ಒಟ್ಟಿಗೆ ಸಿಕ್ಕವು. ಏಳು ರಾಂಡ್, ಇಲ್ಲಿರುವುದು ಹೆದರಿಕೆ ಎಂಬ ಸಾಲನ್ನು ಅದೇ ಕೇರಿಯಲ್ಲಿ, ಅದೇ ಹೆದರಿಕೆಯಲ್ಲಿ ಕೂತು ಓದಿದೆ.

ನಾನು ಬೇರೆ ಗಾಡಿಯವನನ್ನು ಹಿಡಿದು ಬಂದೆ. ನಿಮಗೆ ಗೊತ್ತಲ್ಲ, ಈ ಗಾಡಿಯವರು ಹತ್ತುವಾಗ ದುಡ್ಡು ಕೇಳುವುದಿಲ್ಲ, ಇಳಿಸಿಕೊಳ್ಳುವವರು ಕೊಡಬೇಕು. "ಗಂಡ ಕೊಡ್ತಾರೆ" ಎಂದು ಜಂಬದಿಂದ ಹತ್ತಿದ್ದೆ. ಸೋಮವಾರ ಕೇರಿಗೆ ಬಂದರೆ ನಿಮ್ಮ ಕೋಣೆಯ ಜಾಗದಲ್ಲಿ ಸುಟ್ಟ ತಗಡು. ಇನ್ನೂ ಹೊಗೆಯಾಡುತ್ತಿತ್ತು. ನೀವು ಒಳಗಿದ್ದಿರೋ ಏನೋ ಎಂದು ನಾನು ಕಿರುಚಲು ಬಾಯಿ ತೆರೆದರೆ, ಗಾಡಿಯವನು ನನ್ನ ಬಾಯಿ ಮುಚ್ಚಿದ. "ನಿಮ್ಮ ಭಾಷೆ ಕೇಳಿದ್ರೆ ಇಬ್ರನ್ನೂ ಕೊಲ್ತಾರೆ, ಸುಮ್ನಿರಿ" ಎಂದ. ಆದರೆ ದುಡ್ಡಿಲ್ಲದೆ ನನ್ನನ್ನು ಇಳಿಸಲೂ ಅವನು ಒಪ್ಪಲಿಲ್ಲ. ಊರಾಚೆ ಒಬ್ಬ ಇದ್ದಾನೆ, ನಿಮ್ಮಂಥವರನ್ನು ಇಟ್ಟುಕೊಂಡು ದುಡಿಸಿಕೊಳ್ಳುತ್ತಾನೆ ಎಂದೆಲ್ಲ ಹೇಳತೊಡಗಿದ.

ಆಗ ನಿಮ್ಮ ಆ ಹೆಂಗಸು ಮೊಕೊಯೆನಾ, ಸುಟ್ಟ ಕೋಣೆಯ ಮುಂದೆ ಗಾಡಿ ನಿಂತದ್ದನ್ನು ಕಂಡು ಬಂದಳು. ಕಣ್ಣಾರೆ ನೋಡಿದೆ. ಎಪ್ಪತ್ತು ದಾಟಿದೆ, ಬಾಯಲ್ಲಿ ಮೂರು ಹಲ್ಲು, ಕೈಯಲ್ಲಿ ಕೋಲು. ಗಾಡಿಯ ಕಿಟಕಿಗೆ ಕೋಲಿನಿಂದ ಬಡಿದು, "ಏ, ನನ್ನ ತಂಗಿ ಮಗಳನ್ನ ಇಳಿಸೋ ಬೇವರ್ಸಿ!" ಎಂದು ಕೂಗಿದರು. ತಮ್ಮ ಪಿಂಚಣಿಯ ದುಡ್ಡು ಎಣಿಸಿ ಅವನ ಮುಖಕ್ಕೆ ಎಸೆದರು. ಒಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು: "ಹುಳು ಕಳಿಸೋಳು ನೀನೇ ತಾನೆ?" ಮಂಚದ ಕೆಳಗಿನ ಡಬ್ಬದಲ್ಲಿ ನಾನು ಮಾರ್ಚಿನಲ್ಲಿ ಕಳಿಸಿದ ಪೊಟ್ಟಣವಿತ್ತು, ಬಿಚ್ಚಿರಲೇ ಇಲ್ಲ. ಹುರಿದರೆ ವಾಸನೆ ಬರುತ್ತದೆಂದು ನೀವು ಆಗಾಗ ಬಂದು ಅದನ್ನು ಮೂಸಿ ನೋಡಿ ಹೋಗುತ್ತಿದ್ದಿರಂತೆ. ಅಳಬಾರದು ಎಂದುಕೊಂಡಿದ್ದೆ, ಅದನ್ನು ಕೇಳಿ ಅತ್ತುಬಿಟ್ಟೆ.

ಈಗ ಅಜ್ಜಿಯ ಮನೆಯಲ್ಲೇ ಇದ್ದೇನೆ. ಅವರಿಗೆ ಗೊತ್ತಿರುವ ಒಂದು ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ಸಿಕ್ಕಿದೆ. ಅಜ್ಜಿಯ ದುಡ್ಡು ತೀರಿಸಿ, ಒಂದಿಷ್ಟು ಹಿಟ್ಟು ಕಳಿಸಿ ಬರುತ್ತೇನೆ. ಕೋಪದಲ್ಲಿ ಬರೆದದ್ದನ್ನೆಲ್ಲ ಮರೆತುಬಿಡಿ. ಮಂದಿಸಾಳ ಹಲ್ಲು ಮಸಾಲೆ ಡಬ್ಬದಲ್ಲಿದೆ.

ನಿಮ್ಮ ಮಾಮೊಯೊ


ಪುಮುಲಾ, ಬುಲವಾಯೊ
15 ಜೂನ್ 2008

ಮಾಮೊಯೊ,

ಹಿಟ್ಟು ಬಂತು, ಬೀನ್ಸ್ ಬಂತು. ಅಮ್ಮ ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನೀನು ಬಟ್ಟೆ ಒಗೆಯಲು ಹೋಗುವ ದಾರಿ ನನಗೆ ಗೊತ್ತು. ನಲ್ಲಿಯ ಬಯಲು ದಾಟಬೇಕು, ಆ ಗೇಟಿನವಳ ಮನೆ ದಾಟಬೇಕು. ಬೆಳಿಗ್ಗೆ ಏಳಾಯಿತೆಂದರೆ ಈಗ ದಾಟುತ್ತಿದ್ದಾಳೆ ಎಂದುಕೊಂಡು ಇಲ್ಲಿ ಅಂಗಳದಲ್ಲಿ ಶತಪಥ ತಿರುಗುತ್ತೇನೆ. ಹೊತ್ತು ಹೋಗಲೆಂದು ನಕಜೋಲಾಳ ಹಾಗೆ ಗುಡಿಸುತ್ತೇನೆ.

ಇಲ್ಲಿ ಬ್ರೆಡ್ಡಿನ ಬೆಲೆ ಬರೆಯಲು ಸೊನ್ನೆಗಳಿಗೆ ಸಾಲು ಸಾಲದು. ಬಣ್ಣ ಬಳಿಸುವವರು ಒಬ್ಬರೂ ಇಲ್ಲ. ಅದಕ್ಕೇ ತೀರ್ಮಾನ ಮಾಡಿದ್ದೇನೆ. ಮುಂದಿನ ತಿಂಗಳ ಮೊದಲ ವಾರ ಮೆಲುಸಿಯ ಜೊತೆ ಬರುತ್ತೇನೆ. ಗಲಾಟೆ ತಣ್ಣಗಾಗಿದೆ, ಸೈನಿಕರು ಬಂದಿದ್ದಾರೆ ಎಂದು ರೇಡಿಯೊ ಹೇಳುತ್ತಿದೆ. ಬ್ರೆಡ್ ಏಳು ರಾಂಡ್, ಅಜ್ಜಿಯ ಕೋಣೆ ಇನ್ನೂರೈವತ್ತು. ಈಗ ನಿನಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ದುಡಿದರೆ ವರ್ಷದಲ್ಲಿ ಮರಳಬಹುದು ಎಂದು ನೀನೇ ಬರೆದಿದ್ದೆಯಲ್ಲ. ಅಂಜಿಕೆ ಇದ್ದರೂ ಇಬ್ಬರಿದ್ದರೆ ಅರ್ಧರ್ಧ.

ಅಲ್ಲಿ ಹೇಗಿದೆ ಎಂದು ಬರೆ. ಬರೆಯುವವರೆಗೆ ಹೊರಡುವುದಿಲ್ಲ.

ನಿನ್ನ ಬುಸಾನಿ


ಜೋಹಾನ್ಸ್‌ಬರ್ಗ್
29 ಜೂನ್ 2008

ಗಟ್ಷೇನಿ,

ಇಲ್ಲಿ ಹೇಗಿದೆ ಎಂದು ಕೇಳಿದ್ದೀರಿ. ತುಂಬಾ ದುಬಾರಿಯಾಗಿದೆ.

ಬ್ರೆಡ್ ನಲವತ್ತು ರಾಂಡ್. ನೀವಿದ್ದಾಗಲೂ ಇಷ್ಟಿರಲಿಲ್ಲ. ಸೈನಿಕರಿದ್ದಷ್ಟು ದಿನ ಬೆಲೆ ಇಳಿದಿತ್ತು, ಅವರು ಹೋದ ಮೇಲೆ ಮತ್ತೆ ಏರಿದೆ. ಗುರುವಾರ ನಲ್ಲಿಯ ಬಯಲಿನಲ್ಲಿ ಏರಿತು. ಶನಿವಾರ ನಮ್ಮ ಬೀದಿಯ ತುದಿಯವರೆಗೆ ಬಂತು. ಗಂಡಸರಿಗೆ ಇನ್ನೂ ಹೆಚ್ಚು ಬೆಲೆ. ಅಜ್ಜಿ ಈಗ ಕುರ್ಚಿಯನ್ನು ಬಾಗಿಲಿನಿಂದ ತೆಗೆಯುವುದೇ ಇಲ್ಲ, ಅಲ್ಲೇ ಕೂತು ಊಟ ಮಾಡುತ್ತಾರೆ.

ನೀವು ಬರಬೇಡಿ. ನನಗೂ ಸದ್ಯಕ್ಕೆ ಹೊರಡಲಾಗದು. ಹೆದ್ದಾರಿಯ ಬಂಕಿನವರೆಗೆ ಹೋಗುವ ದಾರಿಯೇ ಎಲ್ಲಕ್ಕಿಂತ ದುಬಾರಿಯಾಗಿದೆ. ಮೆಲುಸಿ ಈ ಕಾಗದವನ್ನೂ ಹಿಟ್ಟನ್ನೂ ನಾನು ಬಟ್ಟೆ ಒಗೆಯುವ ಮನೆಯ ಹಿತ್ತಲಿನಿಂದ ತೆಗೆದುಕೊಂಡು ಹೋಗುತ್ತಾನೆ. ನಾನು ಇಲ್ಲಿದ್ದಷ್ಟು ದಿನ ಹಿಟ್ಟು ಬರುತ್ತದೆ. ನೀವು ಅಲ್ಲಿದ್ದರೆ ಮಂದಿಸಾಳಿಗೆ ಒಬ್ಬರಾದರೂ ಇರುತ್ತೀರಿ. ಎಷ್ಟು ಸಲ ಕೂಡಿಸಿ ಕಳೆದರೂ ನನಗೆ ಇದೇ ಲೆಕ್ಕ ಬರುತ್ತಿದೆ, ಕೋಪಿಸಿಕೊಳ್ಳಬೇಡಿ. ನನಗೆ ನಿಮ್ಮನ್ನು ನೋಡಬೇಕೆಂದು ಎಷ್ಟು ಆಸೆಯಿದೆ ಎಂದು ಬರೆಯಲು ಕೂತರೆ ನೀವು ಈಗಲೇ ಗಾಡಿ ಹತ್ತುತ್ತೀರಿ. ಅದಕ್ಕೇ ಬರೆಯುವುದಿಲ್ಲ.

ಹುಳು ಕಳಿಸಬೇಡಿ. ಕಾಗದದ ಮೇಲೆ ನನ್ನ ಹೆಸರು ಬರೆಯಬೇಡಿ. ಇಲ್ಲಿ ಎಲ್ಲರೂ ನನ್ನನ್ನು ಬುಸಿ ಎಂದು ಕರೆಯುತ್ತಾರೆ. ಏನು ಹೆಸರು ಎಂದು ಆ ಗೇಟಿನವಳು ಕೇಳಿದಾಗ ಬಾಯಿಗೆ ಬಂದದ್ದು ನಿಮ್ಮ ಹೆಸರೇ, ಅದರಲ್ಲಿ ಅರ್ಧ ನುಂಗಿಕೊಂಡೆ.

ಈ ಕಾಗದವನ್ನು ಹೇಗೆ ಓದಬೇಕೆಂದು ನಿಮಗೆ ಗೊತ್ತು. ಅತ್ತೆಯವರು ಕೇಳಿದರೆ ಬ್ರೆಡ್ ಏಳೇ ರಾಂಡ್ ಎಂದು ಹೇಳಿ.

ನಿಮ್ಮ
ಬುಸಿ